ಟೀವಿ ಮೇಡಂನ ಕೈಗಳು

ಬೀದಿಯವರೆಲ್ಲ ಆಕೆಯನ್ನು ಕೈಯಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಗೇಲಿಗೆ, ಆಮೇಲೆ ಅದೇ ಅಭ್ಯಾಸವಾಯಿತು. ಟೀವಿಯಲ್ಲಿ ದಿನಾ ಸಂಜೆ ಕೇಕು ಬ್ರೆಡ್ಡು ಮಾಡಿ ತೋರಿಸುವ ಮೇಡಂ ಇದ್ದರಲ್ಲ, ಅವರು ಮೊಟ್ಟೆ ಒಡೆದರೆ ಸಿಪ್ಪೆಯೆಲ್ಲ ಬಟ್ಟಲೊಳಗೆ, ಲೋಳೆ ಹೊರಗೆ. ಹಾಗಾಗಿ ಮಾತು, ನಗು, ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿ ‘ಆಹಾ’ ಎನ್ನುವುದು ಅವರ ಪಾಲು. ಹತ್ತಿರದಿಂದ ತೋರಿಸುವಾಗ ಹಿಟ್ಟು ನಾದುವ, ಕ್ರೀಮು ಬಳಿಯುವ ಕೈಗಳು ಮಾತ್ರ ಕೈಯಕ್ಕನವು. ಮೇಡಂ ತೊಟ್ಟ ಬಣ್ಣದ್ದೇ ಅಂಗಿಯ ತೋಳು, ಉಗುರಿಗೂ ಅದೇ ಬಣ್ಣ. ಕ್ಯಾಮೆರಾ ಮೊಣಕೈ ದಾಟಿ ಮೇಲೆ ಹೋದದ್ದೇ ಇಲ್ಲ.

ಕೈ ಒರಟಾಗಬಾರದೆಂದು ಮನೆಯ ಪಾತ್ರೆಗಳನ್ನು ಗಂಡನೇ ತಿಕ್ಕುತ್ತಿದ್ದ. ಬಸ್ ಡ್ರೈವರ್ ಆತ. “ನನ್ ಕೈ ಹೇಗಿದ್ರೂ ನಡಿಯುತ್ತಪ್ಪ, ಸ್ಟೀರಿಂಗ್ ಏನು ಬೇಡ ಅನ್ನುತ್ತಾ?” ಎಂದು ನಗುತ್ತಿದ್ದ. ಪಕ್ಕದ ಮನೆಯ ದರ್ಜಿಯ ಹೆಂಡತಿ ಮಾತ್ರ ಮೂಗು ಮುರಿಯುತ್ತಿದ್ದಳು. “ಮುಖ ಕಾಣ್ದೆ ಇರೋ ಟೀವೀನ ನಾವ್ಯಾಕೆ ನಂಬಬೇಕು?” ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆಯೇ ಅನ್ನುವವಳು. ಕೈಯಕ್ಕ ನಕ್ಕು ಸುಮ್ಮನಾಗುತ್ತಿದ್ದಳಾದರೂ ಆ ಮಾತು ಒಳಗೆ ಚುಚ್ಚುತ್ತಿತ್ತು. ಒಂದೇ ಒಂದು ಸಲ ತನ್ನ ಮುಖ ಕಾಣಬೇಕು, ಈ ಕೈ ತನ್ನದು ಎಂದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಆಕೆಗಿದ್ದ ಆಸೆ ಅಷ್ಟೇ.

ಮೇಡಂ ಮಾತು ಕೊಟ್ಟಿದ್ದರು. “ವಾರ್ಷಿಕೋತ್ಸವದ ದಿನ ನೇರ ಪ್ರಸಾರ ಇರುತ್ತೆ ಕಣೇ. ಅವತ್ತು ನಿನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಇವಳೇ ನನ್ನ ಕೈ ಅಂತ ನಾನೇ ಹೇಳ್ತೀನಿ. ನನ್ನಾಣೆ!”

ತಂಗಿ ಬಂದು ಸೇರಿಕೊಂಡದ್ದು ಆ ವರ್ಷವೇ. ಬಟ್ಟೆ ಅಂಗಡಿಯ ಕೆಲಸ ಹೋಗಿ, ಒಂದು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಅಳುತ್ತ ನಿಂತವಳನ್ನು ಕೈಯಕ್ಕ ಒಳಗೆ ಕರೆದು ಊಟಕ್ಕೆ ಕೂರಿಸಿದಳು. ಕೈಕಾಲು ಹಿಡಿದು ಸ್ಟುಡಿಯೋದಲ್ಲೇ ಬಟ್ಟಲು ತೊಳೆಯುವ ಕೆಲಸ ಕೊಡಿಸಿದಳು. ರಜೆಯ ದಿನ ಮನೆಯಲ್ಲಿ ಎದುರು ಕೂರಿಸಿಕೊಂಡು ತನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದಳು. ಹಿಟ್ಟನ್ನು ಅಂಗೈ ಬುಡದಿಂದ ತಳ್ಳುವುದು, ಒಂದೇ ಕೈಯಲ್ಲಿ ಮೊಟ್ಟೆ ಒಡೆದು ಸಿಪ್ಪೆಯ ಒಳಗೆ ಹೆಬ್ಬೆರಳು ಆಡಿಸಿ ಉಳಿದ ಲೋಳೆಯನ್ನೂ ಬಳಿದು ಹಾಕುವುದು. ಒಡಹುಟ್ಟಿದವಳಿಗೆ ಕಲಿಸುವಾಗ ಯಾರು ತಾನೇ ಹಿಂದುಮುಂದು ನೋಡುತ್ತಾರೆ, ಹೇಳಿ!

ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಓವನ್ನಿನಿಂದ ತೆಗೆಯುತ್ತಿದ್ದ ತಟ್ಟೆ ಜಾರಿ ಕೈಯಕ್ಕನ ಬಲಗೈ ಮಣಿಕಟ್ಟಿನವರೆಗೂ ಸುಟ್ಟುಹೋಯಿತು. ಮೇಡಂ ತಾವೇ ಆ ಕೈಯನ್ನು ನಲ್ಲಿಯಡಿ ಹಿಡಿದು ಗಳಗಳನೆ ಅತ್ತರು. “ಮೊದಲು ವಾಸಿ ಮಾಡ್ಕೋ. ಆಗ್ಲೇ ಮಾಡಿಟ್ಟಿರೋ ಕಂತುಗಳು ಬೇಕಾದಷ್ಟಿವೆ. ವಾರ್ಷಿಕೋತ್ಸವ ನೀನಿಲ್ದೆ ಮಾಡ್ತೀನಾ?” ಎಂದರು. ಮನೆಯಲ್ಲಿ ದಿನಾ ಗಾಯ ತೊಳೆದು ಮುಲಾಮು ಹಚ್ಚುತ್ತಿದ್ದವಳು ತಂಗಿ. “ಇವತ್ತು ಎಷ್ಟೋ ವಾಸಿ ಕಣಕ್ಕ. ಇನ್ನೇನು, ಸ್ಟುಡಿಯೋಗೆ ಹೊರಟೇಬಿಡ್ತೀಯ ನೀನು” ಎಂದು ಊದುತ್ತ ಊದುತ್ತ ಹಚ್ಚುವಳು. ಸಂಜೆ ಟೀವಿಯಲ್ಲಿ ಕೈಯಕ್ಕನ ಹಳೆಯ ಕೈಗಳೇ ಕಾಣುತ್ತಿದ್ದವು. ಅನುಮಾನ ಪಡಲು ಏನಿತ್ತು?

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಟೀವಿಯಲ್ಲಿ ಜಾಹೀರಾತು ಬಂತು: ‘ಮೇಡಂನ ಮಾಂತ್ರಿಕ ಕೈಗಳು ಯಾರವು? ಇಂದು ಸಂಜೆ ನೇರ ಪ್ರಸಾರದಲ್ಲಿ!’ ಕೈಯಕ್ಕ ಗಂಡನನ್ನು ಕೂಗಿ ಕರೆದಳು. ಯಾರೂ ಒಂದು ಮಾತು ತಿಳಿಸಿರಲಿಲ್ಲ. “ಪೆದ್ದಿ, ಫೋನಲ್ಲೇ ಮಾತಾಡಿಸಿ ಫೋಟೋ ತೋರಿಸ್ತಾರೆ. ನಿಂಗೆ ಆಶ್ಚರ್ಯ ಆಗ್ಲಿ ಅಂತ ಮುಚ್ಚಿಟ್ಟಿದಾರೆ” ಎಂದ ಗಂಡ. ಹೌದಲ್ಲವೇ ಎನ್ನಿಸಿತು. ತಂಗಿ ಗೆಳತಿಯ ಮನೆಗೆಂದು ಆಗಲೇ ಹೊರಟುಹೋಗಿದ್ದಳು. ಛೆ, ಅವಳೂ ಇರಬೇಕಿತ್ತು ಎಂದು ಕೈಯಕ್ಕ ಪೇಚಾಡಿಕೊಂಡಳು. ಸಂಜೆ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದರ್ಜಿಯ ಹೆಂಡತಿಯನ್ನೂ ಕರೆಸಿದಳು. ಅವಳನ್ನು ಬಿಟ್ಟರೆ ಉಂಟೇ!

ಮೇಡಂ ನಕ್ಕರು, ಚಪ್ಪಾಳೆ ಬಿತ್ತು. “ಇಷ್ಟು ವರ್ಷ ತೆರೆಯ ಮರೆಯಲ್ಲಿದ್ದ ನನ್ನ ಕೈಗಳು, ಬನ್ನಿ!” ಪರದೆ ಸರಿಸಿಕೊಂಡು ಬಂದವಳು ತಂಗಿ.

ಹೊಸ ಅಂಗಿ, ಬಣ್ಣದ ಉಗುರು. ಒಂದೇ ಕೈಯಲ್ಲಿ ಮೊಟ್ಟೆ ಒಡೆದಳು, ಹೆಬ್ಬೆರಳು ಆಡಿಸಿ ಸಿಪ್ಪೆ ಬಳಿದಳು. “ಯಾರಮ್ಮಾ ಕಲಿಸಿದ್ದು?” ಎಂದರು ಮೇಡಂ. “ಯಾರೂ ಇಲ್ಲ ಮೇಡಂ. ನಾನೇ ನೋಡಿ ನೋಡಿ ಕಲಿತೆ.”

ಗಂಡ ಎದ್ದು ಟೀವಿ ಆರಿಸಿದ. ಮೂಗು ಮುರಿಯುತ್ತಿದ್ದ ದರ್ಜಿಯ ಹೆಂಡತಿಯೇ ಹತ್ತಿರ ಬಂದು, “ಅಯ್ಯೋ ಅಕ್ಕ, ಅದು ನಿಮ್ಮ ಕೈ ಅಂತ ನಂಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಹಾಗಂತಿದ್ದೆ” ಎಂದು ಕಣ್ಣೊರೆಸಿಕೊಂಡಳು. ಕೈಯಕ್ಕನಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಊಟದ ಹೊತ್ತಿಗೆ ತಂಗಿ ಬಂದಳು, ಕೈಯಲ್ಲೊಂದು ಕೇಕಿನ ಡಬ್ಬಿ. ಹೊಸಿಲಲ್ಲೇ ಅಳಲು ಶುರು. “ಮೇಡಂ ಹೇಳಿಕೊಟ್ಟಿದ್ದನ್ನ ಹೇಳ್ದೆ ಅಕ್ಕ, ನನ್ನ ತಪ್ಪೇನಿಲ್ಲ. ಕಲೆ ಬಿದ್ದಿರೋ ಕೈ ಟೀವಿಗೆ ಆಗಲ್ಲ, ಇನ್ಮೇಲೆ ನೀನೇ ಬಾ ಅಂತ ಅವತ್ತೇ ಅಂದ್ರು.”

“ಯಾವತ್ತು?”

“ಸುಟ್ಟ ದಿನ. ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ.”

“ಹಾಗಾದ್ರೆ ದಿನಾ ಮುಲಾಮು ಹಚ್ಚುವಾಗ್ಲೂ ನಿಂಗೊತ್ತಿತ್ತು. ಹೊರಟೇಬಿಡ್ತೀಯ ಅಂತ ಹೇಳುವಾಗ್ಲೂ ಗೊತ್ತಿತ್ತು.”

ತಂಗಿ ಕೇಕಿನ ಡಬ್ಬಿಯನ್ನು ಅಕ್ಕನತ್ತ ಚಾಚಿದಳು.

“ಬಾಯಿಬಿಟ್ಟು ಕೇಳಿದ್ರೆ ನಾನೇ ಕರ್ಕೊಂಡು ಹೋಗಿ ನಿಲ್ಲಿಸ್ತಿದ್ದೆ ಕಣೇ. ಅಳ್ತಾ ಅಳ್ತಾನೇ ನಿಲ್ಲಿಸ್ತಿದ್ದೆ. ನಿನ್ ಬಟ್ಟೆಬರೆ ಕಟ್ಕೋ.”

“ಈ ಹೊತ್ನಲ್ಲಿ ಎಲ್ಲಿಗೆ ಹೋಗ್ಲಿ ಅಕ್ಕ?”

“ಮೇಡಂ ಮನೆಗೆ ಹೋಗು. ಅವರ ಕೈ ತಾನೇ ಈಗ ನೀನು? ಇಟ್ಕೊಳ್ಲಿ, ನಿನ್ ಕೈಗೂ ಕಲೆ ಬೀಳೋ ತನಕ.”