ಒತ್ತಿದರೆ ತೆರೆಯಬೇಕು

ಕಾರವಾರದ ಸೈಬರ್ ಕೆಫೆಯ ಮೂಲೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವ ಜಟ್ಟಿಗೆ ಕುಣಿಯುವ ಅಕ್ಷರ ಕಂಡರೆ ಮೈಯೆಲ್ಲ ಉರಿಯುತ್ತದೆ. ಲಾಡ್ಜಿನ ಮಾಲೀಕರು "ಸ್ವಾಗತ ಅಂಬುದು ಮಿಣಕ್ ಮಿಣಕ್ ಅನ್ಲಿ ಮಾರಾಯಾ, ಹಿಂದೆ ಒಂದು ಹಾಡೂ ಇರ್ಲಿ" ಎಂದರೆ, "ಮನೆಗೆ ಬಂದವ್ರು ಬಾಗ್ಲು ಹುಡುಕೂ ಹಾಂಗೆ ಆಗ್ಬಾರ್ದು" ಎಂದು ಎಲ್ಲ ಅಳಿಸಿ, ರೂಮು, ಊಟ, ದಾರಿ ಎಂಬ ಮೂರೇ ಬಟನ್ ಉಳಿಸುತ್ತಾನೆ. ಒತ್ತಿದರೆ ಎಲ್ಲಿಗೂ ಹೋಗದ ಬಟನ್ ಅವನ ಪಾಲಿಗೆ ಮಹಾಪಾಪ. ಯಾವ ಸೈಟು ಮುಗಿದರೂ ತೋಡೂರಿನ ಪುನರ್ವಸತಿ ಕಾಲೋನಿಯಿಂದ ಓದು ಬಾರದ ತಾಯಿ ದೇವಿಯನ್ನು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸುತ್ತಾನೆ; ಅವಳ ಬೆರಳು ತಡವರಿಸಿದ ಕಡೆಯೆಲ್ಲ ಮತ್ತೆ ತಿದ್ದುತ್ತಾನೆ. ಹೋದ ವರ್ಷ, ನೌಕಾನೆಲೆಗೆ ಬಿಟ್ಟುಕೊಟ್ಟ ತಮ್ಮೂರಿನದೂ ಒಂದು ಸೈಟು ಮಾಡಿದ. ದೇವಿ ಬೇರೇನನ್ನೂ ನೋಡದೆ, ಕೆಡವುವ ಮುನ್ನ ತೆಗೆದ ತಮ್ಮ ಮನೆಯ ಫೋಟೋದಲ್ಲಿ ಬಾಗಿಲಿನ ಮೇಲೆ ಬೆರಳಿಟ್ಟು, "ತಮಾ, ಇಲ್ಲಿ ಒತ್ತಿದ್ರೆ ಒಳಗೆ ಹೋಗೂಕೆ ಆಗ್ತದ್ಯಾ?" ಎಂದು ಮಗನನ್ನು ಕೇಳಿದಳು. ಜಟ್ಟಿ ಆ ಬಾಗಿಲಿಗೂ ಒಂದು ಲಿಂಕು ಹಾಕಿದ್ದಾನೆ. ಒತ್ತಿದರೆ ಅದೇ ಫೋಟೋ ಮತ್ತೆ ಬರುತ್ತದೆ. ಬಾಗಿಲು ಮುಚ್ಚಿಯೇ ಇರುತ್ತದೆ.