ಬ್ಯಾಡ್ಜಿನ ಬೆನ್ನು

ಎಪ್ಪತ್ತರ ದಶಕದಲ್ಲಿ ಅಮೆರಿಕದ ಜೆರಿಕೋ ಊರಿನ ನಮ್ಮ ಪಕ್ಕದ ಮನೆಯ ಅಂಕಲ್, ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಬ್ಯಾಡ್ಜುಗಳು ಅಸಲಿಯೋ ನಕಲಿಯೋ ಎಂದು ಗುರುತಿಸಿಕೊಡುತ್ತಿದ್ದರು. "ಮುಖ ಯಾರ್ ಬೇಕಾದ್ರೂ ಮಾಡ್ತಾರೆ ಕಣಮ್ಮ, ಬೆನ್ನು ನೋಡು," ಎನ್ನುತ್ತ ಹಿಂಬದಿಯ ಪಿನ್ನನ್ನೂ ತಯಾರಕರ ಮುದ್ರೆಯನ್ನೂ ಭೂತಗನ್ನಡಿಯಲ್ಲಿ ನೋಡುವರು. ಅಸಲಿಯಾದರೆ ಕಪ್ಪು ವೆಲ್ವೆಟ್ಟಿನ ಮೇಲೆ ಬೋರಲಾಗಿ ಮಲಗಿಸುವರು. ನಕಲಿಯಾದರೆ ತಂದವರ ಅಂಗೈಗೇ ಮರಳಿಸುವರು.

ಒಂದು ಮಧ್ಯಾಹ್ನ ನಮ್ಮ ಬೀದಿಯ ಜರ್ಮನ್ ಅಜ್ಜಿ, ತೀರಿಕೊಂಡ ಗಂಡನ ಡ್ರಾಯರಿನಲ್ಲಿ ಸಿಕ್ಕ ಬ್ಯಾಡ್ಜ್ ತಂದರು.

"ಯುದ್ಧಕ್ಕೇ ಹೋಗಿಲ್ಲ ಅಂತಿದ್ರು. ಇದು ನಕಲಿ ತಾನೇ?"

ಅಂಕಲ್ ತುಂಬ ಹೊತ್ತು ನೋಡಿದರು. ಹೊರಗಿನ ಹಿಮದ ಬೆಳಕು ಮೇಜಿನ ಮೇಲೆ ತೇಲುತ್ತಿತ್ತು.

"ನಕಲಿ. ಗುಜರಿ ಸಂತೆ ಮಾಲು."

"ಹಾಗಾದ್ರೆ ಎಸೆದ್ಬಿಡಿ!" ಅಜ್ಜಿ ನಗುತ್ತಲೇ ಕಣ್ಣೊರೆಸಿಕೊಂಡು ಹೋದರು.

ನಾನು ಮೇಜಿನತ್ತ ನೋಡಿದೆ. ಬ್ಯಾಡ್ಜು ವೆಲ್ವೆಟ್ಟಿನ ಮೇಲೆ ಬೋರಲಾಗಿ ಮಲಗಿತ್ತು.