ಸೆರಗಿನ ಏಳು ಗಂಟು

ಕೂತಲ್ಲಿ ಕೂಡಲಾರದ, ನಿಂತಲ್ಲಿ ನಿಲ್ಲಲಾರದ ಜೀವ ನನ್ನದು. ಬೇರೇನೂ ಮಾಡಲು ಸಿಗದಿದ್ದರೆ ಸೆರಗಿನ ತುದಿಗೆ ಗಂಟು ಹಾಕುತ್ತೇನೆ, ಬಿಚ್ಚುತ್ತೇನೆ, ಮತ್ತೆ ಹಾಕುತ್ತೇನೆ. ಇದನ್ನು ಹೇಳುತ್ತಿರುವಾಗಲೂ ಬೆರಳುಗಳು ಅದೇ ಕೆಲಸದಲ್ಲಿವೆ. ಮೊಮ್ಮಕ್ಕಳು ನೋಡಿ ನಗುತ್ತಾರೆ. ನಗಲಿ.

ಹುಟ್ಟಿ ಬೆಳೆದದ್ದು ಕಲಬುರ್ಗಿಯಲ್ಲಿ, ಶರಣಬಸಪ್ಪನ ಗುಡಿಯ ಹಿಂದಿನ ಓಣಿಯಲ್ಲಿ. ಆಗ ನಿಜಾಮರ ಆಳ್ವಿಕೆ. ಕಚೇರಿಯ ಉರ್ದು ಮಾತುಗಳು ಅಂಗಡಿ ಸಾಲು ದಾಟಿ ನಮ್ಮ ಅಡುಗೆಮನೆಯವರೆಗೂ ಬಂದಿದ್ದವು. ಹೀಗಾಗಿ ಮನುಷ್ಯರ ವಿಚಿತ್ರಗಳಿಗೆ ನಮ್ಮಲ್ಲಿ ಹೆಸರುಗಳ ಬರವಿರಲಿಲ್ಲ. ಅಪ್ಪ ಹೊರಗೆ ಹೊರಡುವ ಮುನ್ನ ರುಮಾಲನ್ನು ಮೂರು ಸಲ ಸುತ್ತಿ ಮೂರು ಸಲ ಬಿಚ್ಚುತ್ತಿದ್ದ, ಅದು ಶೌಕು. ಅಜ್ಜ ಉಣ್ಣುತ್ತ ಉಣ್ಣುತ್ತ ಎದ್ದುಹೋಗಿ, ಎಂಜಲ ಕೈಯಲ್ಲೇ ಎತ್ತಿನ ಮೈ ಸವರಿ ಬಂದು ಮತ್ತೆ ಉಣ್ಣುತ್ತಿದ್ದ, ಅದು ಹುಕಿ. ನಾನು ಗಂಟು ಹಾಕಿದರೆ ಮಾತ್ರ ಚಾಳಿ. ಗಂಡಸರ ಹುಚ್ಚಿಗೆ ಅತ್ತರು ಹಚ್ಚಿದ ಹೆಸರು, ನನ್ನದಕ್ಕೆ ಬೈಗುಳದಂಥ ಹೆಸರು. ಈ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಕಮಲಾಪುರಕ್ಕೆ ಮದುವೆ ಮಾಡಿಕೊಟ್ಟಾಗ ಅವ್ವ ಹೇಳಿದ್ದು ಒಂದೇ ಮಾತು. “ಅತ್ತಿ ಮನ್ಯಾಗ ಕೈ ಸುಮ್ಮನಿಟ್ಟುಕೋ. ಅವ್ವ ಚಾಳಿ ಕಲಿಸಿ ಕಳಿಸ್ಯಾಳ ಅಂತ ನನಗ ಅನ್ನಿಸಬ್ಯಾಡ.”

ನಾಲ್ಕು ತಿಂಗಳು ಸುಮ್ಮನಿಟ್ಟೆ. ರೊಟ್ಟಿ ಬಡಿದೆ, ಬೇಳೆ ಬೀಸಿದೆ, ಬಾಳೆಯ ತೋಟಕ್ಕೆ ಬುತ್ತಿ ಹೊತ್ತೆ. ಕೆಲಸವಿಲ್ಲದಾಗ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಐದನೆಯ ತಿಂಗಳಲ್ಲಿ, ಸಂತೆಗೆ ಬಂದ ಕಲಬುರ್ಗಿಯ ಬಳೆಗಾರ ನನಗೆ ಬಳೆ ಇಡಿಸುತ್ತ ಹೇಳಿದ. “ನಿಮ್ಮ ಅವ್ವಗ ಆರಾಮಿಲ್ಲ, ತಂಗಿ. ಹಾಸಿಗಿ ಹಿಡಿದು ಹದಿನೈದು ದಿನ ಆತು.”

ಹೋಗಲೇಬೇಕು ಅನ್ನಿಸಿತು. ಆದರೆ ಹೊಸ ಸೊಸೆ ತವರಿಗೆ ಹೋಗಬೇಕೆಂದರೆ ತವರಿನಿಂದ ಯಾರಾದರೂ ಕರೆಯಲು ಬರಬೇಕು. ಕರೆಯದೆ ಕಳಿಸಿದರೆ, ಸೊಸೆಯನ್ನು ಹೊರಹಾಕಿದರು ಎಂದು ಊರು ಆಡಿಕೊಳ್ಳುತ್ತಿತ್ತು. ನನಗೆ ಅಣ್ಣತಮ್ಮಂದಿರಿಲ್ಲ. ಅಜ್ಜನಿಗೆ ಹೊಸ್ತಿಲು ದಾಟುವ ಶಕ್ತಿ ಉಳಿದಿರಲಿಲ್ಲ. ಅಪ್ಪ ಅವ್ವನ ಮಗ್ಗುಲು ಬಿಟ್ಟು ಬರುವ ಹಾಗಿರಲಿಲ್ಲ. ಮಾವ ಒಂದೇ ಮಾತಿನಲ್ಲಿ ಮುಗಿಸಿದರು: “ಕರೀಲಾಕ ಬರಲಿ, ಕಳಸ್ತೀವಿ.” ಗಂಡ ಎದ್ದು ತೋಟಕ್ಕೆ ಹೋದ.

ಅಂದಿನಿಂದ ಬೆರಳು ನನ್ನ ಮಾತು ಕೇಳಲಿಲ್ಲ. ಒಲೆಯ ಮುಂದೆ ಒಂದು ಗಂಟು, ಬಾವಿಯ ಕಟ್ಟೆಯ ಮೇಲೆ ಒಂದು. ಬಂಡಿಯ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದೆ. ಯಾರದೋ ಬಂಡಿ, ಎಲ್ಲಿಗೋ ಹೋಗುತ್ತಿರುತ್ತಿತ್ತು. ಮೊದಲೆಲ್ಲ ಹಾಕಿದ್ದನ್ನು ಬಿಚ್ಚುತ್ತಿದ್ದೆ, ಈಗ ಬಿಚ್ಚುವುದೂ ಮರೆತುಹೋಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು. ತುದಿಯಲ್ಲಿ ಏಳು ಗಂಟು. ಚಾಳಿ ಹೊರಬಿತ್ತು, ಅವ್ವನ ಮಾನ ಹೋಯಿತು ಎಂದುಕೊಂಡೆ.

“ಶರಣಬಸಪ್ಪಗ ಹರಕಿ ಕಟ್ಟೀಯೇನವ್ವಾ?” ಎಂದರು ಅತ್ತೆ. ದನಿ ಮೆತ್ತಗಾಗಿತ್ತು.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಚಾಳಿಗೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೊಸ ಹೆಸರು ಬಂದಿತ್ತು.

ಹರಕೆ ಹೊತ್ತ ಹೆಂಗಸರು ಸೆರಗಿಗೆ ಗಂಟು ಹಾಕಿಕೊಳ್ಳುವುದು ಆ ಮನೆಯ ರೂಢಿ. ಅದನ್ನು ದೇವರ ಮುಂದೆಯೇ ಬಿಚ್ಚಬೇಕು, ಮನೆಯಲ್ಲಿ ಬಿಚ್ಚಿದರೆ ಕೇಡು. ಅತ್ತೆ ನೇರ ಮಾವನ ಹತ್ತಿರ ಹೋದರು. “ಬಂಡಿ ಹೂಡಸ್ರಿ. ಸೊಸಿ ತವರಿಗೆ ಹೋಗಂಗಿಲ್ಲ, ಗುಡಿಗೆ ಹೋಗ್ತಾಳ. ದೇವರೂ ಕರೀಲಾಕ ಬರಬೇಕೇನು?” ಮಾವ ಆಳನ್ನು ಕೂಗಿ ಕರೆದರು.

ಸೋಮವಾರಕ್ಕೆ ಮುಟ್ಟುವ ಹಾಗೆ ಹೊರಟೆವು. ಅತ್ತೆ, ನಾನು, ಬಂಡಿ ಹೊಡೆಯುವ ಆಳು, ದೇವರಿಗೊಂದು ಕೆಂಪು ಬಾಳೆಯ ಗೊನೆ. ಗಂಟು ಸಡಿಲವಾಗಬಾರದೆಂದು ಅತ್ತೆ ದಾರಿಯುದ್ದಕ್ಕೂ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನನ್ನ ಬೆರಳಿಗೆ ಕೆಲಸವಿಲ್ಲ. ಬಂಡಿಯಲ್ಲಿ ಹಾಸಿದ ಹುಲ್ಲನ್ನೇ ಕಿತ್ತು ಕಿತ್ತು ಹಾಕಿದೆ. ಎತ್ತುಗಳ ನಡೆ ನೋಡಿದರೆ ಇಳಿದು ಓಡಬೇಕೆನಿಸುತ್ತಿತ್ತು.

ಗುಡಿಯಲ್ಲಿ ಏಳೂ ಗಂಟು ಬಿಚ್ಚಿದೆ. ತಲೆ ಎತ್ತಿ ದೇವರನ್ನು ನೋಡುವ ಧೈರ್ಯ ಬರಲಿಲ್ಲ. ಕೈ ಮುಗಿದವಳೇ ಗುಡಿಯ ಹಿಂದಿನ ನಮ್ಮ ಓಣಿಗೆ ಓಡಿದೆ, ಅತ್ತೆ ಹಿಂದೆ ಉಳಿದರು.

ಅವ್ವ ಹಾಸಿಗೆಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಪಕ್ಕದಲ್ಲಿ ಕೂತೆ. ಅಳು ನುಂಗುವ ಭರದಲ್ಲಿ ಕೈ ತಾನಾಗಿ ಸೆರಗಿಗೆ ಹೋಗಿತ್ತು. ಅವ್ವ ಕಣ್ಣು ತೆರೆದಳು, ನಕ್ಕಳು. “ಇನ್ನೂ ಬಿಟ್ಟಿಲ್ಲೇನ ಆ ಗಂಟಿನ ಚಾಳಿ? ಸಣ್ಣಾಕಿ ಇದ್ದಾಗಿಂದ ಹಿಂಗ ನೀ.”

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಆ ರಾತ್ರಿ ಅವ್ವನಿಗೆ ಅವರೇ ಗಂಜಿ ಕುಡಿಸಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಮರುದಿನ ಮರಳಿ ಹೊರಟೆವು. ಅರ್ಧ ದಾರಿಯಲ್ಲಿ ಆಳು ಎತ್ತುಗಳನ್ನು ನೀರಿಗೆ ಬಿಟ್ಟಾಗ ಅತ್ತೆ ಕೇಳಿದರು: “ಹರಕಿ ಅಂತ ಸುಳ್ಳ ಯಾಕ ಹೇಳಿದಿ?”

“ಹೇಳಲಿಲ್ರಿ ಅತ್ತಿ. ಸುಮ್ಮನಿದ್ದೆ.”

“ಸುಮ್ಮನಿರೋದೂ ಸುಳ್ಳ ಅದ.”

ಇನ್ನು ಈ ಜನ್ಮದಲ್ಲಿ ನನ್ನನ್ನು ಕಲಬುರ್ಗಿಗೆ ಕಳಿಸುವುದಿಲ್ಲ ಎಂದು ತಿಳಿದೆ. ಅತ್ತೆ ಎತ್ತುಗಳ ಕಡೆ ನೋಡುತ್ತಲೇ ಹೇಳಿದರು: “ನಮ್ಮ ಅವ್ವ ಹೋದಾಗ ನನ್ನ ಕರೀಲಾಕ ಯಾರೂ ಬರಲಿಲ್ಲ. ಮಣ್ಣು ಆದ ಮ್ಯಾಲ ಸುದ್ದಿ ಬಂತು.”

ಆಮೇಲೆ ನನ್ನ ಸೆರಗು ಎಳೆದುಕೊಂಡು ತುದಿಗೆ ಒಂದೇ ಒಂದು ಗಂಟು ಹಾಕಿ, ಎರಡೂ ಕೈಯಿಂದ ಬಿಗಿದರು.

“ಇದು ಹರಕಿ. ನಾ ಕಟ್ಟೀನಿ. ಬರೋ ಸೋಮವಾರ ಬಿಚ್ಚಲಾಕ ಬರೂಣು. ಅಲ್ಲೀತನ ನಿಮ್ಮ ಅವ್ವ ಗಟ್ಟಿ ಇರಬೇಕು.”

ಆ ಸೋಮವಾರದವರೆಗೆ ನನ್ನ ಬೆರಳು ಆ ಗಂಟಿನ ಹತ್ತಿರವೂ ಸುಳಿಯಲಿಲ್ಲ.